ಮರಳ ದ್ವೀಪಕ್ಕೂ ಒಂದು ಮಿತಿಯಿದೆ

ಬೆನ್ನಿಗೊಂದು ಚೀಲ, ಚೀಲದಲ್ಲೊಂದು ಡೇರೆ, ಎಂಟು ಜನಕ್ಕೊಂದು ಜೀಪು, ಮೂರು ದಿನದ ಊಟ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಗಿನ ಗಾರಿ ದ್ವೀಪಕ್ಕೆ ಹೊರಡುವ ಯುವಜನರ ಯೋಜನೆ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ. ಓದಲೆಂದು ಬ್ರಿಸ್ಬೇನಿಗೆ ಹೋದ ಕನ್ನಡದ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ತಮ್ಮ ಖರ್ಚಿನ ಲೆಕ್ಕವನ್ನು ಅವರು ಪೈಸೆ ಬಿಡದೆ ಹಾಕುತ್ತಾರೆ. ದ್ವೀಪ ತೆರುವ ಬೆಲೆಯ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ‘ಬರೀ ಮರಳು ತಾನೇ, ಹಾಳಾಗಲು ಅಲ್ಲೇನಿದೆ?’ ಎಂಬ ಉಡಾಫೆಯೇ ಈ ಮರೆವಿನ ಮೂಲ.

ಅಲ್ಲಿ ಏನಿದೆ ಎಂಬುದನ್ನು ಮೊದಲು ನೋಡಬೇಕು. 2023ರವರೆಗೆ ಫ್ರೇಸರ್ ದ್ವೀಪವೆಂದು ಕರೆಯಲ್ಪಡುತ್ತಿದ್ದ ಗಾರಿ, ಜಗತ್ತಿನ ಅತಿ ದೊಡ್ಡ ಮರಳ ದ್ವೀಪ. ಉದ್ದ ಸುಮಾರು 120 ಕಿ.ಮೀ., ವಿಸ್ತೀರ್ಣ ಸುಮಾರು 1,650 ಚದರ ಕಿ.ಮೀ. ದಕ್ಷಿಣದ ನದಿಗಳು ಕಡಲಿಗೆ ತಂದ ಮರಳನ್ನು ಅಲೆಗಳು ಲಕ್ಷಾಂತರ ವರ್ಷ ಉತ್ತರಕ್ಕೆ ತಳ್ಳಿ ಕಟ್ಟಿದ ನೆಲವಿದು. ಇನ್ನೂರು ಮೀಟರಿಗೂ ಎತ್ತರದ ಮರಳ ದಿಬ್ಬಗಳ ಮೇಲೆ ಮಳೆಕಾಡು ಬೆಳೆದಿರುವುದೇ ಅದರ ಅಚ್ಚರಿ.

ಮರಳಿಗೆ ಸ್ವಂತ ಸಾರವಿಲ್ಲ. ಕಡಲ ಗಾಳಿ ಮತ್ತು ಮಳೆ ತಂದ ಅಲ್ಪಸ್ವಲ್ಪ ಲವಣ, ಕೊಳೆತ ತರಗೆಲೆ, ಬೇರಿಗಂಟಿ ಬದುಕುವ ಶಿಲೀಂಧ್ರಗಳು – ಇವುಗಳ ಕೊಡುಕೊಳ್ಳುವಿಕೆಯಿಂದಲೇ ಆ ಹೆಮ್ಮರಗಳು ನಿಂತಿವೆ. ತೀರಾ ಹಳೆಯ ದಿಬ್ಬಗಳಲ್ಲಿ ಪೋಷಕಾಂಶಗಳು ಬೇರಿಗೆ ನಿಲುಕದಷ್ಟು ಆಳಕ್ಕೆ ಬಸಿದುಹೋಗಿ, ಎತ್ತರದ ಕಾಡು ತಾನಾಗಿಯೇ ಕುರುಚಲಿಗೆ ಇಳಿಯುತ್ತದೆ. ತರಗೆಲೆಯ ಪದರವೇ ಆ ಕಾಡಿನ ಕಣಜ. ಡೇರೆ ಹಾಕಲು ಅದನ್ನು ಗುಡಿಸಿ ಬದಿಗೆ ತಳ್ಳುವವರು, ಅಡಕೆ ತೋಟದ ಮುಚ್ಚಿಗೆ ತೆಗೆದು ಮಳೆಗಾಲಕ್ಕೆ ನೆಲವನ್ನು ಬೆತ್ತಲೆ ಬಿಟ್ಟವರಂತೆಯೇ.

ಕೆರೆಗಳ ಪಾಡೂ ಇದೇ. ಕೊಳೆತ ಸಸ್ಯಾಂಶ ಮರಳನ್ನು ಬೆಸೆದು ದಿಬ್ಬಗಳ ನಡುವೆ ನೀರಿಳಿಯದ ತಳ ಕಟ್ಟಿದೆ. ಅದರ ಮೇಲೆ ಮಳೆನೀರು ನಿಂತಿದೆ. ಹೆಸರಾಂತ ಬೂರಂಗೂರ, ಅಂದರೆ ಮೆಕೆಂಜಿ ಕೆರೆಗೆ ಹರಿದು ಬರುವ ತೊರೆಯಿಲ್ಲ, ಹೊರಹರಿಯುವ ತೊರೆಯೂ ಇಲ್ಲ. ಮೈಗೆ ಬಳಿದ ಬಿಸಿಲುಲೇಪ, ಸೋಪಿನ ನೊರೆ, ನೀರಲ್ಲೇ ಮಾಡಿದ ಮೂತ್ರವನ್ನು ಹೊತ್ತೊಯ್ಯಲು ಅಲ್ಲಿ ಪ್ರವಾಹವಿಲ್ಲ. ಮರಳು ಎಲ್ಲವನ್ನೂ ಸೋಸುತ್ತದೆಂಬ ನಂಬಿಕೆಯೂ ಅರ್ಧಸತ್ಯ. ಕಸಕಡ್ಡಿಯನ್ನು ಅದು ತಡೆದೀತು. ನೀರಲ್ಲಿ ಕರಗಿದ ನೈಟ್ರೇಟನ್ನು ತಡೆಯದು. ದಿಬ್ಬದ ಮರೆಯಲ್ಲಿ ಕೂತೆದ್ದವರ ಮಲದ ಸಾರ ಅಂತರ್ಜಲಕ್ಕೆ ಇಳಿಯುತ್ತದೆ.

ಬೆಂಕಿಯ ಮಾತು ಇನ್ನೂ ಕಠೋರ. 2020ರ ಅಕ್ಟೋಬರಿನಲ್ಲಿ ನಿಯಮ ಮೀರಿ ಹಚ್ಚಿದ ಒಂದು ಶಿಬಿರಾಗ್ನಿ ಕಾಡಿಗೆ ಹಬ್ಬಿ, ಎರಡು ತಿಂಗಳು ಉರಿದು, ದ್ವೀಪದ ಸುಮಾರು ಅರ್ಧಭಾಗವನ್ನು ಸುಟ್ಟಿತು. ಕೆಂಡದ ಮೇಲೆ ಮರಳೆಳೆದರೆ ಬೆಂಕಿ ಆರಿತೆಂದು ತಿಳಿಯುವುದು ದೊಡ್ಡ ತಪ್ಪು. ಮರಳಡಿಯಲ್ಲಿ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಅದನ್ನು ನೀರು ಸುರಿದೇ ಆರಿಸಬೇಕು.

ಅಲ್ಲಿಯ ಕಾಡುನಾಯಿ ಡಿಂಗೊ, ಬುಚುಲ್ಲಾ ಜನರ ಮಾತಿನಲ್ಲಿ ವೊಂಗಾರಿ. ಚಿತ್ರ ತೆಗೆಯುವ ಆಸೆಗೆ ಯಾರೋ ಎಸೆದ ಬ್ರೆಡ್ಡಿನ ತುಂಡು ಅದಕ್ಕೆ ಮನುಷ್ಯನ ಭಯವನ್ನು ಮರೆಸುತ್ತದೆ. 2001ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಡಿಂಗೊಗಳ ದಾಳಿಗೆ ಬಲಿಯಾದ. ಅದರ ಬೆನ್ನಿಗೇ ಸುಮಾರು 30 ಡಿಂಗೊಗಳನ್ನು ಕೊಲ್ಲಲಾಯಿತು. ರುಚಿ ಹತ್ತಿಸಿದವರು ಸುಖವಾಗಿ ಊರು ಸೇರುತ್ತಾರೆ. ದಂಡ ತೆರುವುದು ಮುಂದೆ ಬರುವ ಮಗು, ಆಮೇಲೆ ಆ ಪ್ರಾಣಿ.

ಜಾಹೀರಾತುಗಳು ಈ ದ್ವೀಪವನ್ನು ‘ಮನುಷ್ಯರಿಲ್ಲದ ಕಾಡು’ ಎಂದು ಮಾರುತ್ತವೆ. ಸಾವಿರಾರು ವರ್ಷ ಅಲ್ಲಿ ಬಾಳಿದ ಬುಚುಲ್ಲಾ ಜನರ ಪೈಕಿ ಉಳಿದವರಲ್ಲಿ ಬಹುಪಾಲು ಮಂದಿಯನ್ನು, ಬೋಗಿಂಬಾ ತೊರೆಯ ಮಿಷನ್ ಶಿಬಿರ 1904ರಲ್ಲಿ ಮುಚ್ಚಿದಾಗ, ದೂರದ ನೆಲೆಗಳಿಗೆ ಸಾಗಿಸಲಾಯಿತು. ಆ ನಿರ್ಜನತೆ ಮನುಷ್ಯರೇ ಮಾಡಿದ್ದು. ನೆಲದ ಮೇಲೆ ಅವರಿಗಿರುವ ಪಾರಂಪರಿಕ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2014ರಲ್ಲಿ. ನೆಲಕ್ಕೆ ಒಳಿತಾದುದೇ ಮೊದಲು ಎಂಬುದು ಅವರ ಮೂರು ಕಟ್ಟಳೆಗಳಲ್ಲಿ ಒಂದು. ಪ್ರವಾಸದ ಯೋಜನೆ ಆರಂಭವಾಗಬೇಕಾದದ್ದು ಅಲ್ಲಿಂದ.

ದ್ವೀಪ ಉಳಿದದ್ದು ಹೋರಾಟದಿಂದ. ರೂಟೈಲ್, ಜಿರ್ಕಾನ್ ಖನಿಜಗಳಿಗಾಗಿ ಮರಳು ಅಗೆಯುತ್ತಿದ್ದ ಕಂಪನಿಗಳ ವಿರುದ್ಧ ಜಾನ್ ಸಿಂಕ್ಲೇರ್ ಮತ್ತು ಸಂಗಾತಿಗಳು 1971ರಲ್ಲಿ ಸಂಘಟನೆ ಕಟ್ಟಿದರು. 1976ರ ಕೊನೆಗೆ ಗಣಿಗಾರಿಕೆ ನಿಂತಿತು, 1991ರಲ್ಲಿ ಮರ ಕಡಿತ ನಿಂತಿತು, 1992ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಬಂದಿತು. 2005ರ ಕೊನೆಗೆ ಕುದುರೆಮುಖದ ಗಣಿ ನಿಂತದ್ದನ್ನು ಕಂಡ ಮಲೆನಾಡಿಗೆ ಈ ಕಥೆ ಹೊಸದಲ್ಲ. ಗಣಿ ಹೋದ ಮೇಲೆ ಜೀಪು ಬರುತ್ತದೆಂಬ ಎರಡನೆಯ ಅಧ್ಯಾಯವೂ ಹೊಸದಲ್ಲ.

ಗಣಿಗಿಂತ ಪ್ರವಾಸಿ ಮೇಲಲ್ಲವೇ, ಊರಿಗೆ ನಾಲ್ಕು ಕಾಸು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೇಲು ಹೌದು, ಕಾಸೂ ನಿಜ. ಆದರೆ ಗಣಿಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ತನ್ನೊಬ್ಬನಿಂದ ಏನಾದೀತು ಎಂದುಕೊಂಡು ಬರುವ ಲಕ್ಷಾಂತರ ಜನರನ್ನು ನಿಲ್ಲಿಸುವ ಆದೇಶ ಯಾವುದು? ಅದಕ್ಕೆ ಬೇಕಾದದ್ದು ನೆಲದ ಧಾರಣಶಕ್ತಿಗೆ ತಕ್ಕ ಮಿತಿ. 2024ರಲ್ಲಿ ಕುಮಾರ ಪರ್ವತದ ಜನಜಂಗುಳಿಯ ನಂತರ ಕರ್ನಾಟಕದ ಅರಣ್ಯ ಇಲಾಖೆ ಚಾರಣದ ಹಾದಿಗಳಿಗೆ ದಿನದ ಮಿತಿ ತಂದಾಗ ಗೊಣಗಿದವರು, ಮಿತಿಯಿಲ್ಲದ ಕಾಡು ಬಹುಕಾಲ ಕಾಡಾಗಿ ಉಳಿಯದೆಂಬುದನ್ನು ಮರೆಯಬಾರದು. ಗಾರಿಯಲ್ಲಿಯೂ ಆ ಮಿತಿಯನ್ನು ಗೊತ್ತುಪಡಿಸುವಲ್ಲಿ ಬುಚುಲ್ಲಾ ಜನರ ಮಾತು ಮೊದಲಾಗಬೇಕು; ಪ್ರವಾಸ ಕಂಪನಿಗಳದ್ದು ಆಮೇಲೆ.

ಆದ್ದರಿಂದ ಡೇರೆ ಹೊತ್ತು ಹೊರಡುವ ವಿದ್ಯಾರ್ಥಿಗಳು ಯೋಜನೆಯನ್ನು ತಲೆಕೆಳಗು ಮಾಡಲಿ. ರಜಾದಿನಗಳ ನೂಕುನುಗ್ಗಲನ್ನು ಬಿಡಲಿ. ಡೇರೆಗೂ ವಾಹನಕ್ಕೂ ಪ್ರತ್ಯೇಕ ಪರವಾನಗಿ ಪಡೆದು, ಬೇಲಿಯುಳ್ಳ ಶಿಬಿರತಾಣದಲ್ಲೇ ಉಳಿಯಲಿ. ಭರತದ ಹೊತ್ತಿಗೆ ಜೀಪು ಕಡಲಂಚಿಗಿಳಿಯದಿರಲಿ. ಒಲೆ ಗ್ಯಾಸಿನದಾಗಿರಲಿ, ಶೌಚದ ಡಬ್ಬಿ ಜತೆಗಿರಲಿ, ಊಟ ಮುಚ್ಚಿದ ಪೆಟ್ಟಿಗೆಯಲ್ಲಿರಲಿ, ಕಸ ಮರಳಿ ದೋಣಿ ಹತ್ತಲಿ. ಇಷ್ಟನ್ನು ಹೊರಲಾಗದ ಬೆನ್ನು ಆ ದ್ವೀಪಕ್ಕೆ ಹೋಗದಿರುವುದೇ ಲೇಸು.