ಆಳಿಗೆ ನೀರು, ನೆರಳು, ಬಿಡುವು: ಕಿಡ್ನಿ ಸಂಶೋಧನೆ ನಮ್ಮ ತೋಟಕ್ಕೆ ಹೇಳ್ತಿರೋದು

ಬೇಸಿಗೆಯಲ್ಲಿ ಶ್ರವಣಬೆಳಗೊಳದಿಂದ ಜಿನನಾಥಪುರದ ಕಡೆ ಹೊರಟರೆ ತೋಟಗಳಲ್ಲಿ ಕಾಯಿ ಸುಲಿಯೋರು ಕಾಣ್ತಾರೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ, ಒಂದು ಕಡೆ ಕಾಯಿ ರಾಶಿ, ಇನ್ನೊಂದು ಕಡೆ ಮಟ್ಟೆ ರಾಶಿ. ಲೆಕ್ಕ ಸಾವಿರ ಕಾಯಿಗೆ ಇಷ್ಟು ಅಂತ. ಹಾಗಾಗಿ ಸುಲಿಯೋನು ತಲೆ ಎತ್ತಲ್ಲ. ನೀರಿನ ಬಾಟ್ಲಿ ಬೈಕಿನ ಹತ್ರ, ಬೈಕು ಗೇಟಿನ ಹತ್ರ. ಅಲ್ಲಿಗೆ ಹೋಗಿ ಬರೋ ಹೊತ್ತಿಗೆ ಇಪ್ಪತ್ತು ಕಾಯಿ ತಪ್ಪಿಹೋಯ್ತು ಅಂತ ಅವನ ಲೆಕ್ಕ. ಸಂಜೆ ಸೊಂಟ ಹಿಡ್ಕೊಂಡಿರುತ್ತೆ. ಮೆಡಿಕಲ್ ಸ್ಟೋರಲ್ಲಿ ಎರಡು ನೋವಿನ ಮಾತ್ರೆ ತಗೊಂಡು ಮಲಗ್ತಾನೆ. ಬೆಳಗ್ಗೆ ಮತ್ತೆ ಅದೇ.

ಇದರಲ್ಲಿ ಹೊಸದೇನಿದೆ ಅಂತ ಕೇಳಬಹುದು. ಬಿಸಿಲಲ್ಲಿ ಬಿಡುವಿಲ್ಲದ ದುಡಿಮೆ, ಒಣಗಿದ ದೇಹ, ಮೇಲೆ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ಏನಾಗುತ್ತೆ ಅನ್ನೋದನ್ನ ಪ್ರಪಂಚದ ಹಲವು ಕಡೆ ಇಪ್ಪತ್ತು ವರ್ಷದಿಂದ ಸಂಶೋಧನೆ ಮಾಡ್ತಿದ್ದಾರೆ. ಅದರ ಫಲಿತಾಂಶ ಆಸ್ಪತ್ರೆಗಳಿಗೆ ಗೊತ್ತು, ತೋಟಗಳಿಗೆ ಇನ್ನೂ ಬಂದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ನೀರು, ನೆರಳು, ಬಿಡುವು ಇವು ಆಳು ಕರೆಯೋ ರೈತನ ಹೊಣೆ. ಗೊಬ್ಬರ, ಡೀಸೆಲ್ ಥರ ಅದೂ ಬೆಳೆ ಖರ್ಚಲ್ಲಿ ಸೇರಬೇಕು. ಆಳು ಅಂದರೆ ಬೇರೆಯವರೇ ಅಂತ ಅಲ್ಲ. ನಮ್ಮಲ್ಲಿ ಎರಡು ಮೂರು ಎಕರೆಯವರು ತಮ್ಮ ಹೊಲಕ್ಕೆ ತಾವೇ ಆಳು.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ ಉದ್ದಾನಂ ಅಂತ ಒಂದು ಸೀಮೆ ಇದೆ. ಸೋಂಪೇಟ, ಕವಿಟಿ, ಪಲಾಸ ಎಲ್ಲ ಅಲ್ಲಿ ಬರುತ್ತವೆ. ಫೋಟೋ ನೋಡಿದರೆ ನಮ್ಮ ಚನ್ನರಾಯಪಟ್ಟಣ, ತಿಪಟೂರು ಸೀಮೆನೇ ಅನ್ನಿಸುತ್ತೆ, ಅಷ್ಟು ತೆಂಗು. ಜೊತೆಗೆ ಗೋಡಂಬಿ, ಹಲಸು. ಆ ಊರುಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲದ, ಬಿಪಿ ಹೆಚ್ಚಿಲ್ಲದ ದುಡಿಯೋ ವಯಸ್ಸಿನ ಜನಕ್ಕೆ ಕಿಡ್ನಿ ಹೋಗ್ತಾ ಬಂತು. ಎಷ್ಟರ ಮಟ್ಟಿಗೆ ಅಂದರೆ, 2023ರ ಡಿಸೆಂಬರಿನಲ್ಲಿ ಪಲಾಸದಲ್ಲಿ ಸರ್ಕಾರ ಕಿಡ್ನಿ ಸಂಶೋಧನಾ ಕೇಂದ್ರ ಮತ್ತು 200 ಹಾಸಿಗೆಯ ಆಸ್ಪತ್ರೆಯನ್ನೇ ತೆರೀಬೇಕಾಯ್ತು. ಶ್ರೀಲಂಕಾದ ಅನುರಾಧಪುರ ಕಡೆಯ ಭತ್ತದ ರೈತರಲ್ಲಿ ಇದೇ ಕಥೆ 1990ರ ದಶಕದಿಂದ ಇದೆ. ಮಧ್ಯ ಅಮೆರಿಕದ ಎಲ್ ಸಾಲ್ವಡಾರಿನಲ್ಲಿ ವೈದ್ಯರು 2002ರಲ್ಲಿ ಒಂದು ವರದಿ ಕೊಟ್ಟರು: ಕಿಡ್ನಿ ಪೂರ್ತಿ ಕೆಟ್ಟು ಬಂದ 202 ಹೊಸ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಗೊತ್ತಿರೋ ಯಾವ ಕಾರಣವೂ ಇರಲಿಲ್ಲ. ಹೆಚ್ಚಿನವರು ಗಂಡಸರು, ಹೊಲದಲ್ಲಿ ದುಡಿಯೋರು. ಪಕ್ಕದ ತಮಿಳುನಾಡಿನಲ್ಲೂ ಈಚೆಗೆ ಕೃಷಿ ಕಾರ್ಮಿಕರನ್ನ ಪರೀಕ್ಷಿಸಿದಾಗ ನೂರಕ್ಕೆ ಸುಮಾರು 5 ಜನಕ್ಕೆ ಕಿಡ್ನಿ ತೊಂದರೆ ಇತ್ತು, ಅವರಲ್ಲಿ ಅರ್ಧದಷ್ಟು ಜನಕ್ಕೆ ಸಕ್ಕರೆ, ಬಿಪಿ ಯಾವುದೂ ಕಾರಣವಲ್ಲ.

ನಮ್ಮ ಹಾಸನ ಉದ್ದಾನಂ ಅಲ್ಲ, ಯಾರೂ ಗಾಬರಿ ಆಗೋದು ಬೇಡ. ನಮಗೆ ಕರಾವಳಿಯ ಸೆಕೆ ಇಲ್ಲ. ಆದರೆ 2024ರ ಏಪ್ರಿಲ್ 28ರಂದು ತಣ್ಣನೆ ಊರು ಅನ್ನೋ ಬೆಂಗಳೂರಲ್ಲೇ 38.5 ಡಿಗ್ರಿ ಆಗಿತ್ತು. ಅರಕಲಗೂಡು ಕಡೆ ಹೊಗೆಸೊಪ್ಪಿನವರಿಗೆ ಬಿಸಿಲೇ ಬೇಕಿಲ್ಲ, ಬ್ಯಾರನ್ನಿನ ಒಲೆ ಮುಂದೆ ರಾತ್ರಿಯೆಲ್ಲ ಸೌದೆ ಒಡ್ಡಿದರೆ ಸಾಕು.

ಕಾರಣ ಏನು ಅನ್ನೋದರಲ್ಲಿ ಸಂಶೋಧಕರ ನಡುವೆ ಜಗಳ ಮುಗಿದಿಲ್ಲ. ಕೆಲವರು ಕೊಳವೆ ಬಾವಿಯ ಗಡಸು ನೀರು, ಫ್ಲೋರೈಡ್ ಅಂತಾರೆ. ಕೆಲವರು ಕಳೆನಾಶಕ ಅಂತಾರೆ. ಶ್ರೀಲಂಕಾ 2015ರಲ್ಲಿ ಗ್ಲೈಫೋಸೇಟ್ ನಿಷೇಧ ಮಾಡಿ ಆಮೇಲೆ ಹಿಂತೆಗೆದುಕೊಂಡಿತು, ಕಾಯಿಲೆ ಮಾತ್ರ ಹೋಗಲಿಲ್ಲ. ಹಾಗಂತ ಬರಿಗೈಲಿ ಔಷಧಿ ಕಲಸಬಹುದು ಅಂತ ನಾನು ಹೇಳ್ತಿಲ್ಲ. ಆದರೆ ಕಾರಣ ಪೂರ್ತಿ ಗೊತ್ತಾಗೋ ತನಕ ಕೈಕಟ್ಟಿ ಕೂರೋ ಅಗತ್ಯ ಇಲ್ಲ. ಯಾಕಂದ್ರೆ ಬಿಸಿಲು ಮತ್ತು ನೀರಿನ ಕೊರತೆಯ ಮೇಲೆ ಪ್ರಯೋಗ ಮಾಡಿ ನೋಡಿಯಾಗಿದೆ.

ನಿಕರಾಗುವಾದ ಒಂದು ದೊಡ್ಡ ಸಕ್ಕರೆ ಕಾರ್ಖಾನೆಯ ಹೊಲಗಳಲ್ಲಿ ಕಬ್ಬು ಕಡಿಯೋರಿಗೆ ಹೊತ್ತು ಹೊತ್ತಿಗೆ ಕಡ್ಡಾಯ ಬಿಡುವು, ಹೊತ್ತೊಯ್ಯೋ ನೆರಳಿನ ಡೇರೆ, ಕೈಗೆಟುಕೋ ನೀರು ಕೊಟ್ಟರು. ಎರಡು ಸುಗ್ಗಿಗಳನ್ನ ಹೋಲಿಸಿದರು. ಮೊದಲ ಸುಗ್ಗಿಯಲ್ಲಿ ಸುಟ್ಟ ಕಬ್ಬು ಕಡಿಯೋರಲ್ಲಿ ನೂರಕ್ಕೆ 27 ಜನಕ್ಕೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಈ ವ್ಯವಸ್ಥೆ ಬಿಗಿ ಮಾಡಿದ ಮುಂದಿನ ಸುಗ್ಗಿಯಲ್ಲಿ ಅದು 7ಕ್ಕೆ ಇಳೀತು. ಮದ್ದಿಲ್ಲ, ಮಾತ್ರೆ ಇಲ್ಲ. ಎರಡೇ ಸುಗ್ಗಿಯ ಲೆಕ್ಕ ಅಂತ ಯಾರಾದರೂ ತಕರಾರು ತೆಗೀಬಹುದು, ಸರಿ. ಆದರೆ ಇಷ್ಟು ಇಳಿಕೆ ಕೊಡೋ ಕೀಟನಾಶಕ ಬಂದಿದ್ದರೆ ನಾವು ಎರಡನೇ ಸುಗ್ಗಿಯ ತನಕವೂ ಕಾಯ್ತಿರಲಿಲ್ಲ.

"ಬಿಡುವು ಕೊಟ್ಟರೆ ಕೆಲಸ ಸಾಗಬೇಕಲ್ಲ?" ಇದು ನಿಜವಾದ ಪ್ರಶ್ನೆ, ನಾನು ಹಾರಿಸಲ್ಲ. ಈಗ ಆಳೇ ಸಿಗಲ್ಲ, ಸಿಕ್ಕವರಿಗೆ ಕೂಲಿ ಏರಿದೆ, ಶುಂಠಿಗೆ ಒಂದು ವರ್ಷ ಬೆಲೆ ಇದ್ದರೆ ಇನ್ನೊಂದು ವರ್ಷ ಇಲ್ಲ. ದಿನಗೂಲಿ 600, ಎಂಟು ಗಂಟೆ ಕೆಲಸ ಅಂತ ಇಟ್ಕೊಳ್ಳಿ. ಗಂಟೆಗೆ ಹತ್ತು ನಿಮಿಷ ಬಿಡುವು ಅಂದರೆ 80 ನಿಮಿಷ, ದುಡ್ಡಲ್ಲಿ 100 ರೂಪಾಯಿ. ಹತ್ತು ಆಳಿಗೆ ಸಾವಿರ. ಕಾಗದದ ಮೇಲೆ ಇದು ನಷ್ಟವೇ. ಎಲ್ ಸಾಲ್ವಡಾರಿನವರೂ ಹೀಗೇ ಅಂದ್ಕೊಂಡಿದ್ದರು. ಅಲ್ಲಿ ಕಬ್ಬು ಕಡಿಯೋರಿಗೆ ನೆರಳು, ಬಿಡುವು, ಬೆನ್ನಿಗೆ ಹಾಕ್ಕೊಳ್ಳೋ ನೀರಿನ ಚೀಲ, ಜೊತೆಗೆ ಹಿಡಿತ ಚೆನ್ನಾಗಿರೋ ಹೊಸ ಮಚ್ಚು ಕೊಟ್ಟು ನೋಡಿದರು. ಒಬ್ಬ ದಿನಕ್ಕೆ ಕಡಿಯೋ ಕಬ್ಬು 5.1 ಟನ್ನಿಂದ 7.3 ಟನ್ನಿನ ತನಕ ಏರಿತು. ಮಚ್ಚಿನ ಪಾಲು ಎಷ್ಟು, ನೀರಿನ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ಆದರೆ ಮಧ್ಯಾಹ್ನ ಎರಡರ ಮೇಲೆ ಆಳಿನ ಕೈ ಎಷ್ಟು ನಿಧಾನ ಆಗುತ್ತೆ ಅಂತ ನಮಗೆ ಗೊತ್ತೇ ಇದೆ. ಆ ಹೊತ್ತಿನ ಕೂಲಿಯನ್ನ ನಾವು ಈಗಲೂ ಕಟ್ತಾ ಇದ್ದೀವಿ.

ಹೆಣ್ಣಾಳುಗಳ ಮಾತು ಬೇರೆಯೇ ಹೇಳಬೇಕು. ಕಳೆ ಕೀಳೋಕೆ, ಆಲೂಗಡ್ಡೆ ಆರಿಸೋಕೆ ಬರೋ ಹೆಂಗಸರು ನೀರಿದ್ದರೂ ಕುಡಿಯಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಬಯಲು ಹೊಲದಲ್ಲಿ ಮರೆ ಎಲ್ಲಿದೆ? ಬೆಳಗ್ಗೆ ಎಂಟರಿಂದ ಸಂಜೆ ತನಕ ತಡ್ಕೊಂಡೇ ಇರ್ತಾರೆ. ನಾವು ಗಂಡಸರು ಇದನ್ನ ಯೋಚನೆಯೇ ಮಾಡಿರಲ್ಲ. ಬದುವಿನ ಮೂಲೇಲಿ ನಾಲ್ಕು ಗೂಟ ನೆಟ್ಟು ಹಳೇ ಶೇಡ್ ನೆಟ್ಟೋ ಟಾರ್ಪಾಲೋ ಸುತ್ತಿದರೆ ಆಯ್ತು. ಇಡೀ ಲೇಖನದಲ್ಲಿ ಇದೊಂದನ್ನ ಮಾಡಿದರೂ ನನಗೆ ಸಂತೋಷ.

ನೀರು ಅಂದರೆ ನೀರೇ, ಇಲ್ಲಾ ಉಪ್ಪು ಹಾಕಿದ ಮಜ್ಜಿಗೆ. ಬಿಸಿಲಿಗೆ ಅಂತ ಕೂಲ್‌ಡ್ರಿಂಕ್ಸ್ ತರಿಸೋದು ಈಗ ರೂಢಿ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದವರು ಆರೋಗ್ಯವಂತರಾದ 12 ಜನರನ್ನ ಶಾಖದಲ್ಲಿ ದುಡಿಸಿ, ಒಮ್ಮೆ ನೀರು, ಒಮ್ಮೆ ಸಕ್ಕರೆಯ ತಂಪು ಪಾನೀಯ ಕೊಟ್ಟು ನೋಡಿದರು. ಪಾನೀಯ ಕುಡಿದ ದಿನ ಕಿಡ್ನಿಗೆ ಪೆಟ್ಟಾಗೋ ಗುರುತುಗಳು ರಕ್ತದಲ್ಲಿ ಹೆಚ್ಚಿದ್ದವು. ಸಣ್ಣ ಪ್ರಯೋಗ, ಆದರೂ ಮಜ್ಜಿಗೆ ಅಗ್ಗ ತಾನೇ. ಈಗಾಗಲೇ ಹೃದಯದ್ದೋ ಕಿಡ್ನಿಯದ್ದೋ ಕಾಯಿಲೆ ಇರೋರು ಎಷ್ಟು ನೀರು ಕುಡೀಬೇಕು ಅಂತ ಡಾಕ್ಟರನ್ನೇ ಕೇಳಲಿ.

ಇನ್ನು ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಕಿಡ್ನಿಗೆ ಹೋಗೋ ರಕ್ತವನ್ನ ಕಮ್ಮಿ ಮಾಡ್ತವೆ. ಮೈಯಲ್ಲಿ ನೀರಿದ್ದಾಗ ಕಿಡ್ನಿ ಹೇಗೋ ತಡ್ಕೊಳ್ಳುತ್ತೆ. ಬಿಸಿಲಲ್ಲಿ ಒಣಗಿ ಬಂದ ಸಂಜೆ ಅದೇ ಮಾತ್ರೆ ನುಂಗಿದರೆ ಎರಡು ಕಡೆಯಿಂದ ಹೊಡೆತ. ದಿನಾ ನೋವಿನ ಇಂಜೆಕ್ಷನ್ ಹಾಕಿಸ್ಕೊಂಡು ಕೆಲಸಕ್ಕೆ ಹೋಗೋರು ಪ್ರತಿ ಊರಲ್ಲೂ ಇದ್ದಾರೆ. ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕಿಡ್ನಿಗೆ ಇದಕ್ಕಿಂತ ವಾಸಿ. ನೋವು ತಿಂಗಳುಗಟ್ಟಲೆ ಇದ್ದರೆ ಡಾಕ್ಟರಿಗೆ ತೋರಿಸಿ, ಮೆಡಿಕಲ್ ಸ್ಟೋರಿನ ಹುಡುಗನಿಗಲ್ಲ.

ಮಣ್ಣು ಪರೀಕ್ಷೆ ಮಾಡಿಸ್ತೀವಿ, ಬೋರ್ ನೀರು ಪರೀಕ್ಷೆ ಮಾಡಿಸ್ತೀವಿ, ರಕ್ತದ್ದು ಮಾತ್ರ ಬಿದ್ದ ಮೇಲೆ. ಕಿಡ್ನಿ ಮುಕ್ಕಾಲು ಪಾಲು ಹೋಗೋ ತನಕ ಸದ್ದೇ ಮಾಡಲ್ಲ. ಹೊಲದ ದುಡಿಮೆಯವರಿಗೆ ಬರೋ ಈ ಕಾಯಿಲೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗೋದೂ ಕಮ್ಮಿ, ಹಾಗಾಗಿ ಬರೀ ಮೂತ್ರ ಪರೀಕ್ಷೆ ನೋಡಿ ಸರಿ ಇದೆ ಅಂತ ಬಿಡೋಕಾಗಲ್ಲ. ರಕ್ತದ ಕ್ರಿಯಾಟಿನಿನ್ ನೋಡಬೇಕು. ದೊಡ್ಡ ಖರ್ಚಿನ ಪರೀಕ್ಷೆ ಅಲ್ಲ. ಒಂದು ಮಾತು ನೆನಪಿರಲಿ: ಬಿಸಿಲಲ್ಲಿ ದುಡಿದ ಮರುದಿನ ಮಾಡಿಸಿದರೆ ಸುಮ್ಮನೆ ಹೆಚ್ಚು ತೋರಿಸಬಹುದು. ಹೆಚ್ಚು ಬಂದರೆ ಕಂಗಾಲಾಗಬೇಡಿ, ಡಾಕ್ಟರಿಗೆ ತೋರಿಸಿ ಮತ್ತೆ ಮಾಡಿಸಿ. ಮೂರು ತಿಂಗಳ ಮೇಲೂ ಹಾಗೇ ಇದ್ದರೆ ಮಾತ್ರ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ರಿಪೋರ್ಟಿನ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಮುಂದಿನ ವರ್ಷದ್ದರ ಜೊತೆ ಹೋಲಿಸೋಕೆ ಬೇಕಾಗುತ್ತೆ. ಕೊಳಕುಮಂಡಲ ಕಚ್ಚಿ ಬದುಕಿದವರು, ಇಲಿಜ್ವರ ಬಂದು ವಾಸಿಯಾದವರು ತಪ್ಪದೆ ಮಾಡಿಸಬೇಕು. ಎರಡೂ ಕಿಡ್ನಿಯನ್ನ ಹಿಡಿಯೋವೇ.

ಇಷ್ಟೆಲ್ಲ ಯಾಕೆ, ಈಗ ಕಿಡ್ನಿ ಕಸಿ ಮಾಡ್ತಾರಲ್ಲ ಅನ್ನೋರಿದ್ದಾರೆ. ಮಾಡ್ತಾರೆ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಆದ ಕಸಿಯಿಂದ ಇಲ್ಲಿಗೆ ವೈದ್ಯರು ಬಹಳ ದೂರ ಬಂದಿದ್ದಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಕಸಿ ಆದವರು ಮದುವೆ ಮಾಡ್ಕೊಂಡಿದ್ದಾರೆ, ಮಕ್ಕಳನ್ನ ಓದಿಸಿದ್ದಾರೆ. ಆದರೆ ಅಲ್ಲಿಗೆ ಮುಟ್ಟೋ ದಾರಿ ನೋಡಿ. ಮೊದಲು ಡಯಾಲಿಸಿಸ್, ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಎರಡು ಹೊತ್ತು ಡೈರಿಗೆ ಹಾಲು ಹಾಕೋ ಮನೆಯಲ್ಲಿ ವಾರಕ್ಕೆ ಮೂರು ದಿನ ಇಬ್ಬರು ಆಸ್ಪತ್ರೆಗೆ ಹೋದರೆ ಮೊದಲು ಮಾರೋದು ಹಸು. ಕಸಿ ಆದ ಮೇಲೆ ಜೀವನಪೂರ್ತಿ ಮಾತ್ರೆ, ಆ ಮಾತ್ರೆ ರೋಗ ತಡೆಯೋ ಶಕ್ತಿಯನ್ನ ಕುಗ್ಗಿಸುತ್ತೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಸಗಣಿ, ಕೊಟ್ಟಿಗೆ, ಹಸಿ ಮಣ್ಣಿನಿಂದ ದೂರ ಇರಿ ಅಂತಾರೆ. ರೈತನಿಗೆ ಹಾಗಂದರೆ ಇನ್ನೇನು ಉಳೀತು?

ಕಿಡ್ನಿ ಕೊಡೋರು ಯಾರು ಅನ್ನೋದೂ ನೋಡಬೇಕು. ದೇಶದಲ್ಲಿ 2019ರಿಂದ 2023ರ ತನಕ ಬದುಕಿದ್ದಾಗಲೇ ಅಂಗ ಕೊಟ್ಟವರಲ್ಲಿ ನೂರಕ್ಕೆ ಸುಮಾರು 64 ಜನ ಹೆಂಗಸರು. ಪಡೆದವರಲ್ಲಿ ನೂರಕ್ಕೆ ಸುಮಾರು 70 ಜನ ಗಂಡಸರು. ಅಮ್ಮ ಕೊಡ್ತಾಳೆ, ಹೆಂಡತಿ ಕೊಡ್ತಾಳೆ. ಕೇಳೋದಕ್ಕೆ ಮುಂಚೆಯೇ ಮನೆಯವರೆಲ್ಲ ಅವಳ ಕಡೆ ನೋಡಿರ್ತಾರೆ. ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗೋಳೂ ಅವಳೇ. ಮಿದುಳು ನಿಷ್ಕ್ರಿಯ ಆದವರಿಂದ ಅಂಗ ಸಿಕ್ಕಿದರೆ ಈ ಭಾರ ಇಳಿಯುತ್ತೆ. ರಾಜ್ಯದಲ್ಲಿ ಅದನ್ನ ನೋಡ್ಕೊಳ್ಳೋದು ಜೀವಸಾರ್ಥಕತೆ. 2023ರಲ್ಲಿ ಕರ್ನಾಟಕದಲ್ಲಿ ಹಾಗೆ ದಾನ ಕೊಟ್ಟವರು 178, ಕಿಡ್ನಿಗಾಗಿ ಕಾಯೋರು ಸಾವಿರಾರು. ಆಹಾರ, ಅಭಯ, ಔಷಧ, ಶಾಸ್ತ್ರ ಅಂತ ನಾಲ್ಕು ದಾನ ಹೇಳೋ ಧರ್ಮದ ಬಸದಿ ಜಿನನಾಥಪುರದಲ್ಲೇ ಇದೆ. ಆ ಪಟ್ಟಿಗೆ ಇದನ್ನೂ ಸೇರಿಸೋಕೆ ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆನ್‌ಲೈನಲ್ಲಿ ಹೆಸರು ಬರೆಸೋದು ಹತ್ತು ನಿಮಿಷದ ಕೆಲಸ. ಮನೆಯವರಿಗೂ ಹೇಳಿಡಿ, ಕೊನೆಗೆ ಒಪ್ಪಿಗೆ ಕೊಡೋರು ಅವರೇ.

ಇನ್ನು ನಾಳೆಯ ಕೆಲಸ. ಹಿಂದೆ ಬೇಸಿಗೆ ಬಂದರೆ ದಾರಿಹೋಕರಿಗೆ ಅರವಟ್ಟಿಗೆ ಇಡೋರು, ಈಗ ಅದನ್ನ ಹೊಲದ ಬದುವಲ್ಲಿ ಇಡೋಣ. ಶುದ್ಧ ನೀರಿನ ಘಟಕದ ಒಂದು ಕ್ಯಾನ್, ಮೇಲೊಂದು ಒದ್ದೆ ಗೋಣಿಚೀಲ, ಎರಡು ಲೋಟ. ಕ್ಯಾನು ಆಳಿನ ಜೊತೆ ಸಾಲಿಂದ ಸಾಲಿಗೆ ಸಾಗಬೇಕು, ಗೇಟಿನ ಹತ್ರ ಇಟ್ಟರೆ ಯಾರೂ ಕುಡಿಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದೂವರೆಗೆ ನಿಲ್ಲಿಸಿ, ಮತ್ತೆ ಮೂರೂವರೆ ಮೇಲೆ ಬರೋಕೆ ಹೇಳಿ. ಬಿಡುವಿಗೆ ನಿಮ್ಮ ಫೋನಲ್ಲೇ ಗಂಟೆಗೊಂದು ಅಲಾರಂ ಇಡಿ. ಅಲಾರಂ ಹೊಡೆದಾಗ ಮೊದಲು ನೀವು ಕೂತ್ಕೊಳ್ಳಿ, ಸಾಹುಕಾರ ನಿಂತೇ ಇದ್ದರೆ ಆಳು ಕೂರಲ್ಲ. ಕಾಯಿ ಸುಲಿಯೋರಿಗೆ ಸಾವಿರದ ಲೆಕ್ಕ ತಪ್ಪಿಸೋಕೆ ಆಗಲ್ಲ, ಅವರೂ ಒಪ್ಪಲ್ಲ. ಅಲ್ಲಿ ಮಾಡಬಹುದಾದ್ದು ಬೇರೆ ಇದೆ: ಟ್ರ್ಯಾಕ್ಟರಿಂದ ಕಾಯಿ ಇಳಿಸೋಕೆ ಮುಂಚೆ ಡ್ರೈವರಿಗೆ ಹೇಳಿ ರಾಶಿಯನ್ನ ಹುಣಸೆ ಮರದ ಕೆಳಗೋ ಮಾವಿನ ಮರದ ಕೆಳಗೋ ಹಾಕಿಸಿ, ನೀರಿನ ಬಾಟ್ಲಿಯನ್ನ ಬೈಕಿಂದ ತಂದು ಆ ಮೊನೆಯ ಪಕ್ಕದಲ್ಲಿಡಿ.