ಕಾಲಿನ ಸೆಳೆತಕ್ಕೂ ಕತ್ತಿಗೂ ಏನು ನಂಟು?

ಕುರ್ಚಿಯಲ್ಲಿ ಬೆನ್ನು ಬಗ್ಗಿಸಿ ಕುಳಿತು, ಗದ್ದವನ್ನು ಎದೆಗೆ ತಾಗಿಸಿ, ಒಂದು ಕಾಲನ್ನು ನಿಧಾನವಾಗಿ ಮುಂದಕ್ಕೆ ಚಾಚಿ. (ಬೆನ್ನುನೋವಿರುವವರು ಬೇಡ.) ತೊಡೆಯ ಹಿಂಬದಿ ಸೆಳೆದೊಡನೆ ನಿಲ್ಲಿಸಿ, ತಲೆಯನ್ನಷ್ಟೇ ಎತ್ತಿ. ಹಲವರಿಗೆ ಸೆಳೆತ ಕೂಡಲೇ ತಗ್ಗುತ್ತದೆ! ಏಕೆ?

ತೊಡೆಯ ಸ್ನಾಯು ಕತ್ತಿನವರೆಗೆ ಹೋಗುವುದಿಲ್ಲ. ಆದರೆ ಬೆನ್ನುಹುರಿಯೂ ಅದರಿಂದ ಹೊರಟ ನರಗಳೂ ತಲೆಯಿಂದ ಪಾದದವರೆಗೆ ಒಂದೇ ಜಾಲ. ಮೈ ಬಾಗಿದಂತೆ ನರ ತುಸು ಹಿಗ್ಗುತ್ತದೆ, ಜಾರುತ್ತದೆ. ಅದು ಎಲ್ಲಾದರೂ ಒತ್ತಿಹೋದರೆ ಅಥವಾ ಕೆರಳಿದರೆ ನೋವು, ಜೋಮು ಕಾಣಿಸುತ್ತವೆ.

ಆಗ ಫಿಸಿಯೋಥೆರಪಿಸ್ಟ್ ನರವನ್ನು ಬಲವಂತವಾಗಿ ಜಗ್ಗುವುದಿಲ್ಲ; ಒಂದು ತುದಿ ಬಿಗಿಯುವಾಗ ಇನ್ನೊಂದನ್ನು ಸಡಿಲಿಸಿ ಮೆಲ್ಲಗೆ ಹಿಂದೆಮುಂದೆ ಜಾರಿಸುತ್ತಾರೆ. ಆಸ್ಟ್ರೇಲಿಯಾದ ಡೇವಿಡ್ ಬಟ್ಲರ್ ಅವರ 1991ರ ಪುಸ್ತಕ ಈ ವಿಧಾನವನ್ನು ಪ್ರಚುರಪಡಿಸಿತು.

ಪಾಲಕರೇ, ಬಗ್ಗಿ ಕಾಲ್ಬೆರಳು ಮುಟ್ಟಲಾಗದ ಮಗುವಿನ ಬೆನ್ನನ್ನು ಒತ್ತಬೇಡಿ. ಜೋಮು, ಬಲಹೀನತೆ ಉಳಿದರೆ ವೈದ್ಯರಿಗೆ ತೋರಿಸಿ.