ಹೆಡ್ ಮುಚ್ಚುವ ಮೊದಲು

ಮಾಮಾನ ಜೀಪಿನ ಎಂಜಿನ್ ಬಿಚ್ಚಿ ಹರವಿದ ಕಥೆಯನ್ನು ಹಿಂದಿನ ಎರಡು ಕಂತುಗಳಲ್ಲಿ ಓದಿದ್ದೀರಿ. ಆಮೇಲೆ ಬ್ಲಾಕ್ ಬೋರಿಂಗ್ ಮುಗಿಯಿತು, ಕ್ರ್ಯಾಂಕ್ ಗ್ರೈಂಡಿಂಗ್ ಆಯಿತು, ಹೊಸ ಪಿಸ್ಟನ್‌ಗಳೂ ಬಂದವು. ಇನ್ನು ಜೋಡಿಸಿ ಚಾಲೂ ಮಾಡುವುದೊಂದೇ ಬಾಕಿ ಎಂದುಕೊಂಡಿದ್ದೆ. ಹಳಿಯಾಳದಿಂದ ದಿನಾ ಸಂಜೆ ಏಳಕ್ಕೆ ಮಾಮಾನ ಫೋನ್.

"ತಮ್ಮಾ, ಗಾಡಿ ಸುರು ಆತೇನು?"

"ಇಲ್ಲ ಮಾಮಾ, ಇನ್ನೊಂದು ವಾರ."

"ಹ್ವಾದ ವಾರಾನೂ ಇದನ್ನ ಹೇಳಿದ್ದಿ."

ಮಾಮಾಗೆ ಈಗ 84. ಈ ವರ್ಷ ಎರಡು ಸಲ ಆಸ್ಪತ್ರೆ ಸೇರಿ ಹೊರಬಂದಿದ್ದಾರೆ. ದಾಂಡೇಲಿ ಕಡೆ ಕಟ್ಟಿಗೆ ಗುತ್ತಿಗೆ ಮಾಡುತ್ತಿದ್ದ ಕಾಲದಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಕೊಂಡ ಗಾಡಿ ಇದು. ಅದರಲ್ಲಿ ಇನ್ನೊಮ್ಮೆ ಕೂತು ಊರ ಕೆರೆಯವರೆಗೆ ಹೋಗಿಬರಬೇಕೆಂಬುದೊಂದೇ ಅವರ ಆಸೆ. ಹೀಗಾಗಿ ನನಗೂ ಅವಸರವಿತ್ತು. ಆ ಅವಸರದಲ್ಲಿ ನಾನು ಮಾಡಲು ಹೊರಟಿದ್ದ ತಪ್ಪಿನ ಕಥೆ ಈ ತಿಂಗಳಿನದು.

ಮೊದಲು ಎಂಜಿನ್ ಪರಿಚಯ. ಇದು ವಿಲ್ಲಿಸ್ ಸಿಜೆ-3ಎ. ನಾಲ್ಕು ಸಿಲಿಂಡರ್, 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್, 60 ಅಶ್ವಶಕ್ತಿ. ಎರಡನೇ ಮಹಾಯುದ್ಧದ ಜೀಪಿನಲ್ಲಿದ್ದದ್ದೂ ಇದೇ ವಂಶದ ಎಂಜಿನ್. ನಮ್ಮ ಕಡೆ ಹೆಚ್ಚಾಗಿ ಕಂಡ ಎತ್ತರ ಬಾನೆಟ್ಟಿನ ಮಹೀಂದ್ರ ಸಿಜೆ-3ಬಿಯಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿರುತ್ತದೆ. ಬಾನೆಟ್ ಎತ್ತರವಾದದ್ದೂ ಅದಕ್ಕೇ. ಆದರೆ 3ಎಯಲ್ಲಿ ಎಂಟೂ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ತಲೆ ಮೇಲೆ ಮಾಡಿಕೊಂಡು ನಿಂತಿರುತ್ತವೆ. ಹೆಡ್ ಎಂದರೆ ನೀರು ಓಡುವ, ಅಡಿಯಲ್ಲಿ ತಗ್ಗು ತೋಡಿದ ಒಂದು ಮುಚ್ಚಳ ಅಷ್ಟೇ. ಅಮೆರಿಕದವರು ಫ್ಲ್ಯಾಟ್‌ಹೆಡ್ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳಲ್ಲಿ ಸೈಡ್ ವಾಲ್ವ್.

ಇಂಥ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುವ ಭಯವಿಲ್ಲ, ಎರಡರ ದಾರಿಯೂ ಬೇರೆ ಬೇರೆ. ಆದರೆ ಎರಡರ ನೆತ್ತಿಯ ಮೇಲೂ ಇರುವುದು ಒಂದೇ ಹೆಡ್. ಅಲ್ಲಿ ಜಾಗ ಸಾಲದಿದ್ದರೆ ಎರಡೂ ಅದಕ್ಕೇ ಬಡಿಯುತ್ತವೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಬೇಕು ಅನ್ನಿಸಲಿಲ್ಲ, ಅಷ್ಟೇ.

ಪಿಸ್ಟನ್ ಮತ್ತು ಬೋರಿನ ನಡುವಿನ ಅಂತರವನ್ನು ಮಾತ್ರ ಶ್ರದ್ಧೆಯಿಂದ ನೋಡಿದ್ದೆ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಾಗ ಬೀಡಿನ ಬ್ಲಾಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಜಾಗ ಕಡಿಮೆಯಾದರೆ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ತಣ್ಣಗಿರುವಾಗ ಲೊಟಲೊಟ ಸದ್ದು. ವಿಲ್ಲಿಸ್ ಕೈಪಿಡಿ ಹೇಳುವ ಉಪಾಯ ಸರಳವಾಗಿದೆ. ರಿಂಗ್ ಇಲ್ಲದ ಪಿಸ್ಟನ್ ಜೊತೆಗೆ ಮುಕ್ಕಾಲು ಇಂಚು ಅಗಲದ, 3 ಥೌ ದಪ್ಪದ ಫೀಲರ್ ಪಟ್ಟಿಯನ್ನು ಬೋರಿಗೆ ಇಳಿಸಿ, ಪಟ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಪಟ್ಟಿ 5ರಿಂದ 10 ಪೌಂಡ್ ಎಳೆತಕ್ಕೆ ಹೊರಬಂದರೆ ಅಂತರ ಸರಿ. ನನ್ನ ನಾಲ್ಕರಲ್ಲಿ ಮೂರು 7 ಪೌಂಡಿನ ಹತ್ತಿರ ಬಂದವು, ಒಂದು 9ಕ್ಕೆ. ಯಾವ ಪಿಸ್ಟನ್ ಯಾವ ಬೋರಿಗೆ ಎಂದು ಸೀಮೆಸುಣ್ಣದಲ್ಲಿ ನಂಬರ್ ಬರೆದಿಟ್ಟೆ.

ಆಮೇಲೆ ಟ್ಯಾಪೆಟ್. ವಾಲ್ವ್ ಕಾಂಡದ ಬುಡ ಮತ್ತು ಟ್ಯಾಪೆಟ್ ನಡುವೆ, ಎಂಜಿನ್ ತಣ್ಣಗಿರುವಾಗ, ಇನ್‌ಲೆಟ್ ಎಕ್ಸಾಸ್ಟ್ ಎರಡಕ್ಕೂ 16 ಥೌ. ಮಿಲಿಮೀಟರಿನಲ್ಲಿ ಸುಮಾರು 0.4. ಫೈರಿಂಗ್ ಕ್ರಮ 1-3-4-2 ಆದ್ದರಿಂದ 1 ಮತ್ತು 4 ಜೋಡಿ, 2 ಮತ್ತು 3 ಜೋಡಿ. ನಾಲ್ಕನೇ ಸಿಲಿಂಡರಿನಲ್ಲಿ ಎಕ್ಸಾಸ್ಟ್ ಮುಚ್ಚಿ ಇನ್‌ಲೆಟ್ ತೆರೆಯತೊಡಗುವ ಹೊತ್ತಿಗೆ ಒಂದನೆಯದರ ಎರಡೂ ವಾಲ್ವ್‌ಗಳು ಪೂರ್ತಿ ಮುಚ್ಚಿರುತ್ತವೆ. ಆಗ ಒಂದನೆಯದನ್ನು ಹೊಂದಿಸಬೇಕು. ಪಕ್ಕದ ಕವರ್ ತೆಗೆದು, ಎರಡು ತೆಳು ಸ್ಪ್ಯಾನರ್ ಹಿಡಿದು, ಕತ್ತು ಸೊಟ್ಟ ಮಾಡಿಕೊಂಡು ಮಾಡುವ ಕೆಲಸ. ವಾಲ್ವ್ ಸೀಟುಗಳನ್ನು ಉಜ್ಜಿಸಿದ್ದರಿಂದ ವಾಲ್ವ್‌ಗಳು ಕೆಳಗಿಳಿದು ಕಾಂಡದ ಬುಡ ಟ್ಯಾಪೆಟ್ಟಿಗೆ ಹತ್ತಿರವಾಗಿತ್ತು. ಎರಡರಲ್ಲಿ ಸ್ಕ್ರೂ ಕೊನೆಯವರೆಗೆ ಇಳಿಸಿದರೂ 16 ಸಿಗಲಿಲ್ಲ, ಕಾಂಡದ ತುದಿಯನ್ನೇ ಚೂರು ಗ್ರೈಂಡ್ ಮಾಡಿಸಬೇಕಾಯಿತು.

ಇಷ್ಟಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಲು ಎತ್ತಿದ್ದೆ. ನಾನಾ ಪೇಠದ ನಮ್ಮ ಉಸ್ತಾದ್ ಚಹಾ ಕುಡಿಯುತ್ತ ಕೂತಿದ್ದರು.

"ಸಾಬ್, ಮಿಟ್ಟಿ ಲಗಾಯಾ ಕ್ಯಾ?"

ಮಣ್ಣು ಹಚ್ಚಿ ನೋಡಿದಿರಾ ಎಂದು ಕೇಳುತ್ತಿದ್ದರು. ಇಲ್ಲ ಎಂದೆ. ಅವರು ಏನೂ ಹೇಳಲಿಲ್ಲ, ಚಹಾದ ಗ್ಲಾಸ್ ಕೆಳಗಿಟ್ಟರು. ಪಿಂಪ್ರಿಯ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು ನಾನು. ಅಳತೆ ಬರೆಯದ ಭಾಗಕ್ಕೆ ಸಹಿ ಹಾಕದೆ ಎಷ್ಟು ಜನರ ಬೈಗುಳ ತಿಂದಿದ್ದೇನೋ ಲೆಕ್ಕವಿಲ್ಲ. ಹೆಡ್ಡನ್ನು ಕೆಳಗಿಟ್ಟೆ.

ಮೊಮ್ಮಗಳ ಆಟದ ಕ್ಲೇ ತಂದೆವು, ಹಸಿರು ಬಣ್ಣದ್ದು. ಒಂದೊಂದು ಪಿಸ್ಟನ್ ನೆತ್ತಿಯ ಮೇಲೂ ಒಂದೊಂದು ವಾಲ್ವ್ ಮೇಲೂ ಚಿಕ್ಕ ಉಂಡೆ ಒತ್ತಿದೆವು. ಹೆಡ್ಡಿಗೆ ಅಂಟಿಕೊಳ್ಳದಿರಲಿ ಎಂದು ಅದರ ಒಳಮೈಗೆ ಎಣ್ಣೆ ಸವರಿದೆವು. ಹೊಸ ಗ್ಯಾಸ್ಕೆಟ್ ಒತ್ತಡಕ್ಕೆ ಸಿಕ್ಕ ಮೇಲೆ ತೆಳುವಾಗುವುದರಿಂದ, ಅದೇ ನಮೂನೆಯ ಬಳಸಿದ ಹಳೇ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿದೆವು. ಟ್ಯಾಪೆಟ್ ಮೊದಲೇ ಹೊಂದಿಸಿರಬೇಕು, ಇಲ್ಲದಿದ್ದರೆ ವಾಲ್ವಿನ ಅಳತೆಗೆ ಅರ್ಥವಿಲ್ಲ. ಆಮೇಲೆ ಹ್ಯಾಂಡಲ್ ಹಾಕಿ ಕೈಯಿಂದಲೇ ನಿಧಾನಕ್ಕೆ ಪೂರಾ ಎರಡು ಸುತ್ತು. ಕ್ರ್ಯಾಂಕ್ ಎರಡು ಸುತ್ತಿದರೆ ಎಂಟೂ ವಾಲ್ವ್‌ಗಳು ಒಂದೊಂದು ಸಲ ತೆರೆದು ಮುಚ್ಚುತ್ತವೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು.

ಹೆಡ್ ಬಿಚ್ಚಿ, ಚಪ್ಪಟೆಯಾದ ಕ್ಲೇಯನ್ನು ಬ್ಲೇಡಿನಿಂದ ಸೀಳಿ, ಅತಿ ತೆಳುವಾದ ಕಡೆ ಕ್ಯಾಲಿಪರ್ ಹಿಡಿದೆ. ಪಿಸ್ಟನ್‌ಗಳ ಮೇಲೆ 24ರಿಂದ 26 ಥೌ. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮೇಲೆ 17. ಮತ್ತೊಮ್ಮೆ ಮಾಡಿದೆ, ಮತ್ತೆ 17.

ಸೈಡ್ ವಾಲ್ವ್ ಎಂಜಿನ್ ಕಟ್ಟುವವರು ಸಾಮಾನ್ಯವಾಗಿ 40ರಿಂದ 50 ಥೌ ಜಾಗ ಬಿಡುತ್ತಾರೆ. ಕೈಯಿಂದ ತಿರುಗಿಸುವಾಗ 24 ಇದ್ದದ್ದು ಓಡುವಾಗ 24 ಇರುವುದಿಲ್ಲ. ಬೇರಿಂಗಿನ ಸಡಿಲ, ಕನೆಕ್ಟಿಂಗ್ ರಾಡಿನ ಹಿಗ್ಗು, ಪಿಸ್ಟನ್ನಿನ ಹೊಯ್ದಾಟ, ಮೇಲೆ ಕಟ್ಟುವ ಕರಿ, ಎಲ್ಲವೂ ಅದರಲ್ಲಿ ಪಾಲು ಕೇಳುತ್ತವೆ. ವಾಲ್ವಿನದು ಇನ್ನೂ ಸೂಕ್ಷ್ಮ. ತಣ್ಣಗಿರುವಾಗ ಕ್ಯಾಮ್ ಎತ್ತಿದ ಎತ್ತರದಲ್ಲಿ 16 ಥೌ ಟ್ಯಾಪೆಟ್ ಅಂತರಕ್ಕೇ ಹೋಗುತ್ತದೆ. ಕಾಂಡ ಬಿಸಿಯಾಗಿ ಉದ್ದವಾದಂತೆ ಆ ಅಂತರ ಕಿರಿದಾಗುತ್ತದೆ, ಕಿರಿದಾದಷ್ಟೂ ವಾಲ್ವ್ ಹೆಚ್ಚು ಮೇಲೇಳುತ್ತದೆ. ಕೆಳಗಿನ ಜಾಗ ಮೇಲಿನ ಜಾಗವನ್ನು ತಿನ್ನುತ್ತದೆ. ಬೆಳಿಗ್ಗೆಯ 17 ಥೌ ಹಳಿಯಾಳದ ಏರಿನಲ್ಲಿ ಎಷ್ಟು ಉಳಿಯುತ್ತಿತ್ತು?

ಕಾರಣ ಹುಡುಕಿದೆ. ಹೆಡ್ಡಿನ ದಪ್ಪ ಅಳೆದರೆ ಹಿಂದೆ ಯಾರೋ ಚೆನ್ನಾಗಿಯೇ ಫೇಸಿಂಗ್ ಮಾಡಿ ಕೆರೆದಿದ್ದರು. ಈ ಸಲ ಬ್ಲಾಕಿನ ಮೇಲ್ಮೈಗೂ ಒಂದು ಕೈ ಫೇಸಿಂಗ್ ಮಾಡಿಸಿದ್ದು ನಾನೇ. ಅದೂ ಸೇರಿ ಹೀಗಾಗಿತ್ತು. ಹೆಡ್ ಕೆರೆದರೆ ಕಂಪ್ರೆಷನ್ ಏರಿ ಪವರ್ ಬರುತ್ತದೆಂಬ ಮಾತಿದೆ. ಸೈಡ್ ವಾಲ್ವಿನಲ್ಲಿ ಅದು ಅರ್ಧ ಸತ್ಯ. ವಾಲ್ವಿನಿಂದ ಸಿಲಿಂಡರಿಗೆ ಗಾಳಿ ಸಾಗುವ ದಾರಿಯೂ ಅದೇ ಹೆಡ್ಡಿನ ಅಡಿಯ ತಗ್ಗು. ಕೆರೆದಷ್ಟೂ ಅದು ಕಿರಿದಾಗುತ್ತದೆ.

ಸಂಜೆ ಏಳಕ್ಕೆ ಫೋನ್ ಬಂತು. ಹೇಳಬೇಕಾಯಿತು.

"ಮಾಮಾ, ಬ್ಯಾರೆ ಹೆಡ್ ಹುಡಕಬೇಕು. ಇನ್ನೂ ಎರಡು ವಾರ ಹಿಡೀತದ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಾನು ಎಲ್ಲ ವಿವರಿಸಿದೆ.

"ಎರಡು ಸಲ ನಾನs ಫೇಸ್ ಮಾಡಿಸೀನಿ ಅದನ್ನ," ಎಂದರು. "ಎರಡನೇ ಸಲ ಆದಮ್ಯಾಲ ಏರಿನ್ಯಾಗ ಟಕ್ ಟಕ್ ಅಂತಿತ್ತು. ಪೆಟ್ರೋಲ್ ಸರಿ ಇಲ್ಲ ಅಂತ ಪಂಪಿನವನ ಕೂಡ ಜಗಳಾ ತಗದಿದ್ದೆ." ನಕ್ಕರು, ಕೆಮ್ಮಿದರು. "ಅವಸರ ಮಾಡಬ್ಯಾಡ. ನಾ ಎಲ್ಲಿ ಹೊಂಟೀನಿ?"

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹನ್ನೊಂದನೇ ದಿನ ಮುಂಬೈಯ ಕುರ್ಲಾದ ಗುಜರಿಯಲ್ಲಿ ಉಸ್ತಾದರ ಪರಿಚಯದವರೊಬ್ಬರ ಬಳಿ ಕೆರೆಯದ ಹೆಡ್ ಸಿಕ್ಕಿತು. ಸರ್ಫೇಸ್ ಪ್ಲೇಟಿನ ಮೇಲಿಟ್ಟು ಸಮತಟ್ಟು ನೋಡಿದೆವು, ಬಿರುಕಿದೆಯೇ ಎಂದು ಪರೀಕ್ಷಿಸಿದೆವು. ಮತ್ತೆ ಅದೇ ಹಸಿರು ಕ್ಲೇ, ಮತ್ತೆ ಎರಡು ಸುತ್ತು. ಪಿಸ್ಟನ್ ಮೇಲೆ 47, ಮೂರನೇ ಎಕ್ಸಾಸ್ಟ್ ಮೇಲೆ 66. ಕ್ಲೇಯ ಒಂದು ಚೂರೂ ಉಳಿಯದಂತೆ ಒರೆಸಿದ ಮೇಲೆ ಉಸ್ತಾದ್ ತಾವೇ ಹೊಸ ಗ್ಯಾಸ್ಕೆಟ್ ಎತ್ತಿ ಕೈಗೆ ಕೊಟ್ಟರು.

ಮೊನ್ನೆ ಶುಕ್ರವಾರ ಎಂಜಿನ್ ಚಾಲೂ ಆಯಿತು. ಸಂಜೆ ಏಳಕ್ಕೆ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿತ್ತು, ಅದರೊಳಗೆ ಸಣ್ಣಗೆ ಟಿಕ್ ಟಿಕ್.

"ಟ್ಯಾಪೆಟ್ ಸಪ್ಪಳ ಕೇಳಸ್ತದ," ಎಂದರು ಮಾಮಾ.

"ಬಿಗಿ ಮಾಡ್ಲೇನು?"

"ಬ್ಯಾಡ ಬ್ಯಾಡ. ಸಪ್ಪಳ ಇದ್ರ ವಾಲ್ವ್ ಮುಚ್ಚಾಕತ್ತಾವ ಅಂತ ಗೊತ್ತಾಗತದ. ಸುಮ್ಮನಾದ್ರನs ಚಿಂತಿ."

ಅದು ನಿಜ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿನ ಮೇಲೆ ಕೂತಿರುವಾಗಲೇ. ಟ್ಯಾಪೆಟ್ ಬಿಗಿಯಾಗಿ ಅದು ಪೂರ್ತಿ ಕೂರದಿದ್ದರೆ ಅಂಚು ಸುಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ.

ಬರುವ ಬುಧವಾರಕ್ಕೆ ಲಾರಿ ಹೇಳಿದ್ದೇನೆ. ಹಳಿಯಾಳದ ಕೆರೆ ದಾರಿ ಈಗ ಡಾಂಬರು ಕಂಡಿದೆಯಂತೆ. ಮುಂದಿನ ತಿಂಗಳು ಕಾರ್ಬುರೇಟರ್ ವಿಚಾರ ಬರೆಯಬೇಕೆಂದಿದ್ದೆ, ಆದರೆ ಮೊದಲು ಆ ದಾರಿಯ ಸುದ್ದಿ.